ಬಾಗಿಲ ಅಧಿಕಾರ

ಇಲ್ಲ, ಖಾಕಿ ಅಂಗಿ ಆಗಿರಲಾರದು. ಕಣ್ಣು ಮುಚ್ಚಿದರೆ ನನಗೆ ಕಾಣುವುದು ಮಾತ್ರ ಖಾಕಿಯೇ: ಜೆಟ್ಟಿಯ ತುದಿ, ಆಷಾಢದ ಗಾಳಿ, ನೀರಿನ ಕಡೆ ಮುಖ ಮಾಡಿ ನಿಂತ ಒಂದು ಖಾಕಿ ಬೆನ್ನು. ಆದರೆ ಅವರು ಖಾಕಿ ಹಾಕಿದವರೇ ಅಲ್ಲ. ಸೆಕ್ಯುರಿಟಿ ಏಜೆನ್ಸಿಯವರು ಒಮ್ಮೆ ಖಾಕಿ ಅಂಗಿಗಳ ಗಂಟು ಕಳಿಸಿದಾಗ, ಪೊಲೀಸರ ಬಟ್ಟೆ ತೊಡುವುದಕ್ಕೆ ಗಾರ್ಡಿಗೆ ಕಾನೂನಿನಲ್ಲಿ ಅವಕಾಶವಿಲ್ಲವೆಂದು ಅದನ್ನು ಬಿಚ್ಚದೆ ವಾಪಸು ಕಳಿಸಿದವರು. ತೊಳೆದು ತೊಳೆದು ಬಿಳಿಚಿಕೊಂಡ ನೀಲಿ ಅಂಗಿಯಲ್ಲೇ ನನಗೆ ಗೊತ್ತಿದ್ದ ಮೂರು ವರ್ಷವೂ ಕಳೆದರು. ಹಾಗಿದ್ದರೆ ನನ್ನ ನೆನಪಿಗೆ ಖಾಕಿ ಎಲ್ಲಿಂದ ಬಂತು? ಇಷ್ಟು ಸಣ್ಣ ಬಣ್ಣವನ್ನೇ ತಪ್ಪಾಗಿ ಇಟ್ಟುಕೊಂಡಿರುವ ತಲೆ ಮಿಕ್ಕಿದ್ದನ್ನು ಸರಿಯಾಗಿ ಇಟ್ಟುಕೊಂಡಿದೆಯೆಂದು ಹೇಗೆ ನಂಬಲಿ?

ಆದರೂ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಅವರ ಹೆಸರಿನ ಮೇಲೆ ಸುಳ್ಳು ಬರೆದಿದ್ದೇನೆ, ಅಷ್ಟು ಸಾಕು.

ಕಬಿನಿ ಹಿನ್ನೀರಿನ ಒಂದು ದೋಣಿಗಟ್ಟೆಯಲ್ಲಿ ನಾನು ರೈಟರಾಗಿದ್ದೆ. ಬೀಚನಹಳ್ಳಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಪ್ರವಾಸಿಗಳಿಗೆ ಟಿಕೆಟ್ಟು ಹರಿದುಕೊಡುವುದು, ಯಾವ ದೋಣಿ ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಎಂದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಹುಣಸೂರಿನಲ್ಲಿ ಡಿಗ್ರಿ ಮುಗಿಸಿ ಎಚ್.ಡಿ. ಕೋಟೆಯಲ್ಲಿ ರೂಮು ಮಾಡಿಕೊಂಡಿದ್ದೆ. ಅವರು ಆ ಗಟ್ಟೆಯ ಗಾರ್ಡು. ಪಿರಿಯಾಪಟ್ಟಣ ತಾಲೂಕಿನವರು, ರಾವಂದೂರಿನ ಹತ್ತಿರದ ಒಂದು ಹಳ್ಳಿ. ಊರಿನಲ್ಲಿ ಹೊಗೆಸೊಪ್ಪು ಬೆಳೆಯುವ ಅಣ್ಣತಮ್ಮಂದಿರಿಗೆ ಜಮೀನು ಬಿಟ್ಟು, ಇಪ್ಪತ್ತು ಚಿಲ್ಲರೆ ವರ್ಷ ಕರಾವಳಿಯ ಒಂದು ಬಂದರಿನಲ್ಲಿ ಗಾರ್ಡಾಗಿದ್ದು ವಾಪಸು ಬಂದಿದ್ದರು. ನಾನು ಸೇರಿದಾಗ ಅವರಿಗೆ ಐವತ್ತೈದು ದಾಟಿತ್ತು. ದೋಣಿ ಓಡಿಸುವವರು ಅವರನ್ನು ಲಾಯರ್ರು ಅನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು. ಅವರು ಅದಕ್ಕೆ ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ.

ಲಾಯರ್ರು ಅನ್ನುವುದಕ್ಕೆ ಕಾರಣವಿತ್ತು. ಗಾರ್ಡಿಗೆ ಏನು ಅಧಿಕಾರ ಇದೆ, ಏನು ಇಲ್ಲ ಎಂಬ ಒಂದೇ ವಿಷಯವನ್ನು ಅವರು ಊಟದಷ್ಟೇ ತಪ್ಪದೆ ದಿನವೂ ಹೇಳುತ್ತಿದ್ದರು. ಬಂದರಿನಲ್ಲಿ ಎರಡು ಥರದ ಕಾವಲಿತ್ತಂತೆ. ದೊಡ್ಡ ಗೇಟಿನಲ್ಲಿ ಕೇಂದ್ರದ ಪಡೆಯವರು. ಅವರಿಗೆ ಹಿಡಿಯುವ ಅಧಿಕಾರ, ಜಾಲಾಡುವ ಅಧಿಕಾರ ಎಲ್ಲವನ್ನೂ ಕಾನೂನೇ ಬರೆದುಕೊಟ್ಟಿದೆ. ಒಳಗೆ ಖಾಸಗಿ ಜೆಟ್ಟಿಗಳಲ್ಲಿ ಇವರಂಥವರು. ಒಂದು ಲಾಠಿ, ಒಂದು ಸೀಟಿ. ನೋಡುವವರ ಕಣ್ಣಿಗೆ ಎರಡೂ ಒಂದೇ.

"ಅವ್ರದ್ದು ಸರ್ಕಾರದ ಅಧಿಕಾರ ಕಣ್ರೀ ರೈಟ್ರೇ, ನಮ್ದು ಬಾಗಿಲ ಅಧಿಕಾರ," ಅನ್ನುತ್ತಿದ್ದರು. "ಒಳಕ್ಕೆ ಬರೋನ್ನ ತಡೀಬೋದು. ವರಕ್ಕೆ ಓಗೋನ್ನ ತಡಿಯಂಗಿಲ್ಲ. ಅಷ್ಟೇಯ."

ಇದನ್ನು ಎಷ್ಟು ಸಲ ಹೇಳಿದ್ದಾರೋ. ಕಣ್ಣೆದುರಿಗೇ ದೊಡ್ಡ ಅಪರಾಧ ಮಾಡಿದವನನ್ನು ಯಾರು ಬೇಕಾದರೂ ಹಿಡಿಯಬಹುದು, ಗಾರ್ಡೂ ಹಿಡಿಯಬಹುದು, ದಾರಿಹೋಕನೂ ಹಿಡಿಯಬಹುದು. ಹಿಡಿದ ಮೇಲೆ ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನದ ಮೇಲೆ ಹಿಡಿಯುವ ಹಾಗಿಲ್ಲ. ಬೇರೆಯವರು ಹೇಳಿದರೆಂದು ಹಿಡಿಯುವ ಹಾಗಿಲ್ಲ. ಒಪ್ಪಿಗೆ ಇಲ್ಲದೆ ಚೀಲ ಬಿಚ್ಚಿಸುವ ಹಾಗಿಲ್ಲ. ಜೆಟ್ಟಿಯ ಅಂಚು ದಾಟಿದ ಮೇಲೆ ಇರುವುದು ನೀರು, ಅದರ ಯಜಮಾನರು ಬೇರೆ. ಅಲ್ಲಿ ಗಾರ್ಡು ಎಲ್ಲರ ಹಾಗೆ ಒಬ್ಬ ಮನುಷ್ಯ. ಇದನ್ನೆಲ್ಲ ಹೇಳುವಾಗ ಅವರು ಕೈಯನ್ನು ಬಾಗಿಲಿನಂತೆ ತೆರೆದು ಮುಚ್ಚಿ ಮಾಡುತ್ತಿದ್ದರು. ಬೆರಳುಗಳ ನಡುವೆ ಬಿರುಕು. ಅದು ಬಂದರಿನ ಉಪ್ಪುನೀರಿನಿಂದ ಬಂದದ್ದು ಅಂತ ಅವರೇ ಹೇಳಿದ್ದರು. ಅಥವಾ ಹೊಗೆಸೊಪ್ಪಿನ ಕೆಲಸದಿಂದ ಬಂದದ್ದೋ ಏನೋ, ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಅವರ ಮಾತು ಬರಿಯ ಮಾತಾಗಿರಲಿಲ್ಲ. ಒಂದು ಭಾನುವಾರ ದೊಡ್ಡ ಕಾರಿನಲ್ಲಿ ನಾಲ್ವರು ಬಂದರು, ಕುಡಿದಿದ್ದರು. ಇವರು ಗೇಟಿಗೆ ಅಡ್ಡ ನಿಂತರು. ಕುಡಿದವರನ್ನು ದೋಣಿಗೆ ಬಿಡುವುದಿಲ್ಲ ಎಂದರು. ಒಬ್ಬ ಇವರ ಎದೆಗೆ ಕೈಹಾಕಿ ತಳ್ಳಿದ, ಟೊಪ್ಪಿಗೆ ಕೆಸರಿಗೆ ಬಿತ್ತು. ಇವರು ಬಗ್ಗಿ ಟೊಪ್ಪಿಗೆ ಎತ್ತಿಕೊಂಡು, ಒರೆಸಿ, ಹಾಕಿಕೊಂಡು, ಮತ್ತೆ ಅದೇ ಜಾಗದಲ್ಲಿ ನಿಂತರು. ಅವನು ಮತ್ತೆ ತಳ್ಳಿದ. ಮತ್ತೆ ಎತ್ತಿಕೊಂಡರು. ಮೂರನೆಯ ಸಲಕ್ಕೆ ಅವನಿಗೇ ಬೇಸರವಾಗಿ ಕಾರು ತಿರುಗಿಸಿದರು. ದೋಣಿ ಡ್ರೈವರ್ ಸೋಮಣ್ಣ, "ಒಂದ್ ಬಿಡೋದಲ್ವಾ ಲಾಯರ್ರೇ, ಕೈಯೇನು ಅಡವಿಟ್ಟಿದ್ರಾ?" ಎಂದು ಚುಚ್ಚಿದ್ದಕ್ಕೆ ಅವರು, ಮುಟ್ಟುವುದು ಬಾಗಿಲ ಕೆಲಸವಲ್ಲ ಎಂದಷ್ಟೇ ಹೇಳಿದರು.

ಇನ್ನೊಮ್ಮೆ ಪ್ರವಾಸಿ ಹೆಂಗಸೊಬ್ಬಳ ಕತ್ತಿನ ಸರ ಕಳೆಯಿತು. ಮ್ಯಾನೇಜರು ಕಸ ಗುಡಿಸುವ ಮೂವರು ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಅವರ ಚೀಲ ತೆಗೆದು ನೋಡು ಎಂದು ಇವರಿಗೆ ಹೇಳಿದರು. ಇವರು ನೋಡಲಿಲ್ಲ. ಪೊಲೀಸರಿಗೆ ಫೋನು ಮಾಡಿ, ಹೆಂಗಸು ಪೊಲೀಸು ಬರಲಿ ಎಂದರು. ಮ್ಯಾನೇಜರು ಕೂಗಾಡಿದರು. ಆ ಹೆಂಗಸರಲ್ಲಿ ಒಬ್ಬಳು, ಪೊಲೀಸರು ಬಂದು ಮರ್ಯಾದೆ ಹೋಗುವುದಕ್ಕಿಂತ ಈಗಲೇ ನೋಡಿಬಿಡಲಿ ಎಂದು ಅಳುತ್ತಾ ತಾನೇ ಚೀಲ ಸುರಿದಳು. ಸರ ದೋಣಿಯ ಸೀಟಿನ ಸಂದಿಯಲ್ಲಿ ಸಿಕ್ಕಿತು. ಅವತ್ತು ಸಂಜೆ ಚೀಲ ಸುರಿದ ಆ ಹೆಂಗಸು ಇವರಿಗೆ ಕೈಮುಗಿದಳೆಂದು ನಾನು ಬಹಳ ಸಲ ಹೇಳಿದ್ದೇನೆ. ನಿಜಕ್ಕೂ ಮುಗಿದಳೇ? ಇವರ ಕಡೆ ತಿರುಗಿ ನೋಡದೆ ಬಸ್ಸು ಹತ್ತಿದಳು ಎಂಬುದೂ ನನಗೆ ನೆನಪಿದೆ. ಎರಡೂ ಒಂದೇ ಸಂಜೆ ಆಗಿರಲಾರದು.

ಇವರಿಗೆ ಈ ಹುಚ್ಚು ಹತ್ತಿದ್ದು ಹೇಗೆಂದು ಕೇಳಿದಾಗ ಬಂದರಿನ ಕತೆ ಹೇಳಿದರು. ಕೆಲಸಕ್ಕೆ ಸೇರಿದ ಹೊಸತು. ಹಡಗಿನಿಂದ ಸರಕು ಇಳಿಸುವ ಕೂಲಿಯೊಬ್ಬ ತಾಮ್ರದ ತಂತಿ ಕದ್ದನೆಂದು ಸೂಪರ್‌ವೈಸರು ಅವನನ್ನು ಗಾರ್ಡ್ ರೂಮಿನಲ್ಲಿ ಕೂರಿಸಿದ. ಕದ್ದದ್ದನ್ನು ಯಾರೂ ನೋಡಿರಲಿಲ್ಲ. ಪೊಲೀಸರಿಗೆ ತಿಳಿಸಲಿಲ್ಲ. ಮೊದಲು ಬಾಯಿಬಿಡಲಿ ಎಂದು ಬೆಳಗ್ಗೆಯಿಂದ ಸಂಜೆಯವರೆಗೆ ಇಟ್ಟುಕೊಂಡರು. ಬಾಗಿಲಲ್ಲಿ ನಿಂತಿದ್ದವರು ಇವರು. ಸಂಜೆ ಮೂತ್ರಕ್ಕೆಂದು ಬಿಟ್ಟಾಗ ಅವನು ಓಡಿ, ಹಡಗಿಗೂ ಜೆಟ್ಟಿಗೂ ನಡುವಿನ ನೀರಿಗೆ ಹಾರಿದ.

ಈ ಕತೆಯನ್ನು ನಾನು ಮೂರು ಸಲ ಕೇಳಿದ್ದೇನೆ. ಒಂದರಲ್ಲಿ ಹಡಗು ಕೆಂಪು, ಇನ್ನೊಂದರಲ್ಲಿ ಕಪ್ಪು. ಎರಡು ಸಲ ಅವನು ಸತ್ತ. ಒಂದು ಸಲ ಹಗ್ಗ ಬಿಟ್ಟು ಎಳೆದುಕೊಂಡರು, ಬದುಕಿದ, ಮಾರನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲ. ಯಾವುದು ನಿಜ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮೂರರಲ್ಲೂ ಬದಲಾಗದೆ ಇದ್ದದ್ದು ಒಂದೇ. "ಬಾಗ್ಲಲ್ಲಿ ನಾನಿದ್ದೆ," ಎನ್ನುತ್ತಿದ್ದರು. ಆಮೇಲೆ ಫುಟ್‌ಪಾತಿನಲ್ಲಿ ಒಂದು ಕಾನೂನಿನ ಪುಸ್ತಕ ಕೊಂಡರಂತೆ. ಅದು ಅವರ ಪೆಟ್ಟಿಗೆಯಲ್ಲಿತ್ತು. ಬೈಂಡು ಕಳಚಿ, ಸಾಲುಸಾಲಿಗೆ ಪೆನ್ಸಿಲ್ಲಿನ ಗೆರೆ ಬಿದ್ದು, ಓದುವ ಸ್ಥಿತಿಯಲ್ಲಿರಲಿಲ್ಲ.

ಹೊಸ ಕಾನೂನು ಬಂದ ಮೇಲೆ ಒಂದು ದಿನ ಪೇಪರಿನ ತುಂಡು ಹಿಡಿದುಕೊಂಡು ನನ್ನ ಟಿಕೆಟ್ಟಿನ ಕಿಟಕಿಗೆ ಬಂದರು. ಸಾಮಾನ್ಯ ಮನುಷ್ಯ ಯಾರನ್ನಾದರೂ ಹಿಡಿದರೆ ಆರು ಗಂಟೆಯ ಒಳಗೆ ಪೊಲೀಸರಿಗೆ ಒಪ್ಪಿಸಬೇಕು ಎಂದು ಅದರಲ್ಲಿತ್ತು. ಮೊದಲು ತಡಮಾಡದೆ ಅಂತಷ್ಟೇ ಇತ್ತು, ಈಗ ಗಂಟೆ ಹಾಕಿದ್ದಾರೆ ಎಂದರು.

"ಅವತ್ತೇ ಬರ್ದಿದ್ರೆ," ಅಂದರು. "ಗಡಿಯಾರ ನೋಡ್ಕಂಡು ಬಾಗ್ಲು ತಗೀತಿದ್ದೆ."

ಇನ್ನು ಬಿಲ್ಲೆಗಳ ವಿಷಯ. ಆಚೆ ದಡದಲ್ಲಿ ಮೀನು ಹಿಡಿಯುವ ಹತ್ತು ಹನ್ನೆರಡು ಮನೆಗಳಿದ್ದವು. ಅವರಿಗೆ ಅಂಗಡಿ, ಬಸ್ಸು, ಆಸ್ಪತ್ರೆ ಎಲ್ಲ ಈಚೆ. ತೆಪ್ಪ ಹಚ್ಚಲು ಸರಿಯಾದ ಜಾಗ ನಮ್ಮ ಗಟ್ಟೆ ಒಂದೇ. ಪ್ರವಾಸಿಗಳ ನಡುವೆ ಮೀನಿನ ಬುಟ್ಟಿ ಹೊತ್ತು ಬರುತ್ತಾರೆ, ಅವರನ್ನು ಬಿಡಬೇಡ ಎಂದು ಮ್ಯಾನೇಜರು ಅಪ್ಪಣೆ ಮಾಡಿದ್ದರು. ಒಳಗೆ ಬರುವವರನ್ನು ತಡೆಯುವ ಅಧಿಕಾರ ಇವರಿಗೆ ಇದ್ದೇ ಇತ್ತು. ಆದರೆ ಇವರು ಬಂದರಿನ ಪದ್ಧತಿಯೊಂದನ್ನು ಮ್ಯಾನೇಜರಿಗೆ ಹೇಳಿ ಒಪ್ಪಿಸಿದರು. ಅಲ್ಲಿ ಹಡಗಿನವರೋ ಲಾರಿಯವರೋ ಒಳಗೆ ಬಂದರೆ ಗುರುತಿನ ಚೀಟಿ ಇಟ್ಟುಕೊಂಡು ಒಂದು ಟೋಕನ್ ಕೊಡುತ್ತಿದ್ದರಂತೆ, ಹೋಗುವಾಗ ಟೋಕನ್ ಕೊಟ್ಟು ಚೀಟಿ ತೆಗೆದುಕೊಳ್ಳಬೇಕು. ಒಳಗೆ ಯಾರಿದ್ದಾರೆ, ಯಾರಿಲ್ಲ ಎಂದು ಗೋಡೆ ನೋಡಿದರೆ ಗೊತ್ತಾಗುತ್ತದೆ. ಆಚೆ ದಡದವರು ಗುರುತಿನ ಚೀಟಿಯನ್ನು ನೀರಿನ ಮೇಲೆ ತರುವವರಲ್ಲ. ಅದಕ್ಕೆ ಇವರು ಅವರ ತೆಪ್ಪದ ಹುಟ್ಟನ್ನು ಇಟ್ಟುಕೊಂಡರು.

ಹಳೆಯ ಅಲ್ಯೂಮಿನಿಯಂ ತಟ್ಟೆಯೊಂದನ್ನು ಕತ್ತರಿಸಿ ಹನ್ನೆರಡು ದುಂಡು ಬಿಲ್ಲೆ ಮಾಡಿ, ಮೊಳೆಯಿಂದ ಹೊಡೆದು ನಂಬರು ಮೂಡಿಸಿದರು. ತಮ್ಮ ಶೆಡ್ಡಿನ ಗೋಡೆಗೆ ಹನ್ನೆರಡು ಗೂಟ ಹೊಡೆದರು. ಬಂದವನು ಹುಟ್ಟು ಕೊಡುತ್ತಾನೆ, ಅದು ಗೂಟಕ್ಕೆ, ಆ ಗೂಟದ ಬಿಲ್ಲೆ ಅವನ ಕೈಗೆ. ಹಿಂದಿರುಗುವಾಗ ಬಿಲ್ಲೆ ಕೊಟ್ಟರೆ ಹುಟ್ಟು. ಬಿಲ್ಲೆ ಇಲ್ಲದಿದ್ದರೆ ಹುಟ್ಟಿಲ್ಲ, ಸಾಕ್ಷಿ ಕರೆದುಕೊಂಡು ಬರಬೇಕು. ಆಚೆ ದಡದವರು ಮೊದಮೊದಲು ನಕ್ಕರು, ಆಮೇಲೆ ಹೊಂದಿಕೊಂಡರು. ಏಳನೇ ಗೂಟ ಚಿಕ್ಕಮಾದನದು. ನಲವತ್ತರ ಆಳು, ಸೊರಗಿದ ಮೈ, ಎಲೆಅಡಿಕೆ ಬಾಯಿ. ಬಿಲ್ಲೆಯನ್ನು ಸೊಂಟದ ಎಲೆಅಡಿಕೆ ಚೀಲದಲ್ಲಿ ಇಡುತ್ತಿದ್ದ. ಒಂದೆರಡು ಸಲ ಕಳೆದು, ಹುಡುಕಾಡಿ, ಬೈಸಿಕೊಂಡೂ ಇದ್ದ.

ಈಗ ಆ ದಿನಕ್ಕೆ ಬರಲೇಬೇಕು.

ಆಷಾಢದ ಗಾಳಿ, ಕೇರಳದ ಕಡೆಯಿಂದ. ನೀರು ಏರುತ್ತಿತ್ತು. ಬೆಳಗ್ಗೆ ಹನ್ನೊಂದಕ್ಕೇ ಕೆಂಪು ಬಾವುಟ ಹಾಕಿ ದೋಣಿ ನಿಲ್ಲಿಸಿದ್ದೆವು. ಚಿಕ್ಕಮಾದ ಅದಕ್ಕೆ ಮುಂಚೆಯೇ ಬಂದು, ಹುಟ್ಟು ಇಟ್ಟು, ಬಿಲ್ಲೆ ತೆಗೆದುಕೊಂಡು ಅಂಗಡಿ ಕಡೆ ಹೋಗಿದ್ದ, ಮನೆಯಲ್ಲಿ ಯಾರಿಗೋ ಜ್ವರ, ಮಾತ್ರೆ ತರಬೇಕಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ವಾಪಸು ಬಂದ. ನನ್ನ ಟಿಕೆಟ್ಟಿನ ರೂಮಿನಲ್ಲಿ ನೀರಿನ ಕಡೆಯ ಕಿಟಕಿ ಗಾಳಿಗೆಂದು ಮುಚ್ಚಿತ್ತು. ತಗಡಿನ ಸೂರು ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಚಿಕ್ಕಮಾದ ಟಿಕೆಟ್ಟಿನ ಕಿಟಕಿ ದಾಟಿಕೊಂಡು ಹೋದದ್ದು ಕಂಡಿತು. ಶೆಡ್ಡಿನ ಹತ್ತಿರ ಅವನು ಕೂಗಿದ್ದು ಕೇಳಿಸಿತು.

"ಕೊಡಣ್ಣೋ, ವತ್ತಾಯ್ತದೆ. ಮನೇಲಿ ಕಾಯ್ತಾ ಅವ್ರೆ."

ಇವರು ಏನೋ ಹೇಳಿದರು. ಸಣ್ಣ ಮಾತಲ್ಲ, ಉದ್ದದ ಮಾತು. ದನಿ ಮಾತ್ರ ಬಂತು, ಮಾತು ಬರಲಿಲ್ಲ. ಅವನು ಮತ್ತೆ ಏನೋ ಅಂದ. ಆಮೇಲೆ ಬರೀ ತಗಡಿನ ಸದ್ದು. ಎದ್ದು ಹೋಗಿ ನೋಡಬಹುದಿತ್ತು. ಹತ್ತು ಹೆಜ್ಜೆ. ನಾನು ದೋಣಿ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದೆ, ಅವತ್ತು ಬರೆಯಲು ಬೇರೆ ಏನೂ ಇರಲಿಲ್ಲ.

ಸೀಟಿ ಕೇಳಿಸಿದಾಗ ಎದ್ದೆ. ಅವರ ಸೀಟಿ ನಾನು ಅದುವರೆಗೆ ಕೇಳಿದ್ದೇ ಇಲ್ಲ. ಕೊರಳಲ್ಲಿ ಮೂರು ವರ್ಷ ಸುಮ್ಮನೆ ತೂಗಿದ್ದು. ಹೊರಗೆ ಬಂದರೆ ಅವರು ಜೆಟ್ಟಿಯ ತುದಿಯಲ್ಲಿ ನಿಂತು ಊದುತ್ತಿದ್ದರು. ಆ ಬೆನ್ನೇ, ನಾನು ಖಾಕಿಯೆಂದು ಕಾಣುವ ಬೆನ್ನು. ತೆಪ್ಪ ಆಗಲೇ ದೂರವಾಗಿತ್ತು. ಚಿಕ್ಕಮಾದ ಅದರಲ್ಲಿ ಮಂಡಿಯೂರಿ, ಜೆಟ್ಟಿ ರಿಪೇರಿಗೆಂದು ತಂದು ಹಾಕಿದ್ದ ಹಲಗೆಯ ತುಂಡೊಂದರಿಂದ ನೀರು ತಳ್ಳುತ್ತಿದ್ದ. ಹಲಗೆಯಿಂದ ತಳ್ಳಿದರೆ ದುಂಡು ತೆಪ್ಪ ನೆಟ್ಟಗೆ ಹೋಗುವುದಿಲ್ಲ, ಸುತ್ತುತ್ತದೆ. ಅವನು ಸುತ್ತುತ್ತಾ ಸುತ್ತುತ್ತಾ ಹೋದ. ಸೀಟಿಯನ್ನು ಗಾಳಿ ನಮ್ಮ ಮುಖಕ್ಕೇ ತಂದು ಹೊಡೆಯಿತು.

ಅವರು ಓಡಿಬಂದು ಸೋಮಣ್ಣನ ಕೈ ಹಿಡಿದರು. ಯಾರ ಮೈಯನ್ನೂ ಮುಟ್ಟದವರು. ದೋಣಿ ತೆಗಿ ಎಂದರು. ಬಾವುಟ ಇದ್ದಾಗ ಮ್ಯಾನೇಜರು ಹೇಳದೆ ತೆಗೆಯುವ ಹಾಗಿಲ್ಲ ಎಂದ ಸೋಮಣ್ಣ. ಕೀಲಿಯೂ ಮ್ಯಾನೇಜರ ಹತ್ತಿರವೇ. ಅವರು ಕೋಟೆಗೆ ಹೋಗಿದ್ದರು. ನಾನು ಫೋನು ಮಾಡುತ್ತಲೇ ಇದ್ದೆ, ಸಿಗ್ನಲ್ಲು ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು. ಮಾತು ಸಿಕ್ಕುವ ಹೊತ್ತಿಗೆ ತೆಪ್ಪ ನೀರಿನಲ್ಲಿ ನಿಂತ ಒಣಮರಗಳ ಹಿಂದೆ ಹೋಗಿ ಮರೆಯಾಗಿತ್ತು. ಆಚೆ ದಡ ಮುಟ್ಟಿರಬಹುದು ಎಂದು ಸೋಮಣ್ಣ ಹೇಳಿದ. ನಾವು ನಂಬಿದೆವು. ನಂಬುವುದು ಸುಲಭವಿತ್ತು.

ಸಂಜೆ ಶೆಡ್ಡಿಗೆ ಹೋದೆ. ಏಳನೇ ಗೂಟದಲ್ಲಿ ಹುಟ್ಟು ಇತ್ತು. ಅವರು ಅದರ ಕೆಳಗೆ ಕೂತಿದ್ದರು. ನಾನು ಬಾಗಿಲಿನಿಂದಲೇ ಹಿಂದೆ ಬಂದೆ.

ಮೂರನೆಯ ದಿನ ಹೆಣ ಒಣಮರಗಳ ನಡುವೆ ಸಿಕ್ಕಿತು. ತರಲು ಹೋದ ದೋಣಿಯಲ್ಲಿ ಅವರೂ ಹೋದರು. ಯಾರೂ ಹೇಳಿರಲಿಲ್ಲ. ಗಟ್ಟೆಗೆ ತಂದಾಗ ಪಂಚೆ ಬಿಚ್ಚಿಹೋಗಿದ್ದ ಆ ಮೈಗೆ ಅವರ ಟವೆಲ್ಲು ಸುತ್ತಿತ್ತು. ಸೊಂಟದ ಎಲೆಅಡಿಕೆ ಚೀಲ ಹಾಗೇ ಕಟ್ಟಿಕೊಂಡಿತ್ತು. ದಡದಲ್ಲಿ ಅವನ ಹೆಂಡತಿ ಕೂತಿದ್ದಳು. ಇವರು ಅವಳ ಎದುರಿಗೆ ಹೋಗಿ ನಿಂತು, ಹಾಗೇ ಹಿಂದೆ ಬಂದರು.

ಮಾರನೆಯ ದಿನ ಪೊಲೀಸಿನವರು ಹೇಳಿಕೆ ತೆಗೆದುಕೊಳ್ಳಲು ಬರುವವರಿದ್ದರು. ಮೊದಲೇ ಬರೆದಿಟ್ಟುಕೊಳ್ಳೋಣ ಎಂದು ಮ್ಯಾನೇಜರು ಇವರನ್ನೂ ನನ್ನನ್ನೂ ಆಫೀಸಿಗೆ ಕರೆದರು. ಬರೆಯುವವನು ನಾನು. ಅವರು ನಿಂತುಕೊಂಡೇ ಹೇಳಿದರು.

"ಹುಟ್ಟು ನನ್ನತ್ರವೇ ಇತ್ತು, ನಾನು ಕೊಡ್ನಿಲ್ಲ ಅಂತ ಬರೀರಿ, ರೈಟ್ರೇ."

ಮ್ಯಾನೇಜರು ನಗುವ ಹಾಗೆ ಮಾಡಿದರು. ಒಬ್ಬನ ಹುಟ್ಟು ಇಟ್ಟುಕೊಳ್ಳುವುದಕ್ಕೆ ನಿನಗೆ ಯಾವ ಅಧಿಕಾರವಿದೆ ಎಂದು ನೀನೇ ಹೇಳು, ದಿನಾ ಹೇಳುತ್ತೀಯಲ್ಲ, ಎಂದರು. ಅವರು, ಇಲ್ಲ ಸಾರ್, ಅಧಿಕಾರ ಇಲ್ಲ ಎಂದರು. ಹಾಗಾದರೆ ಗಟ್ಟೆ ಮುಚ್ಚುತ್ತದೆ, ಇಪ್ಪತ್ತು ಜನರ ಅನ್ನ ಹೋಗುತ್ತದೆ, ನೀನು ಜೈಲಿಗೆ ಹೋಗುತ್ತೀಯ, ಸತ್ತವನು ಎದ್ದು ಬರುತ್ತಾನಾ ಎಂದು ಮ್ಯಾನೇಜರು ಒಂದೊಂದಾಗಿ ಕೇಳಿದರು. ಅವರು ನನ್ನನ್ನು ನೋಡಿದರು. ನಾನು ಕಾಗದ ನೋಡಿದೆ. ಆಮೇಲೆ ಬರೆದೆ: ಬಿಲ್ಲೆ ಪಡೆದು ಹುಟ್ಟನ್ನು ಹಿಂದಿರುಗಿಸಲಾಯಿತು, ಗಾಳಿಯ ವಿಷಯ ತಿಳಿಸಿ ಎಚ್ಚರಿಸಲಾಯಿತು, ಆದರೂ ಸದರಿ ವ್ಯಕ್ತಿ ತನ್ನ ಇಚ್ಛೆಯಿಂದ ಹೊರಟನು.

ಎರಡು ಸಲ ಓದದೆ ಏನಕ್ಕೂ ರುಜು ಹಾಕದವರು. ಸಂಬಳದ ಚೀಟಿಯನ್ನೂ ಕನ್ನಡಕ ಏರಿಸಿ ಬೆರಳಿಟ್ಟು ಓದುತ್ತಿದ್ದರು. ಅವತ್ತು ಓದಲಿಲ್ಲ. ಜೇಬಿನಿಂದ ಕನ್ನಡಕವನ್ನೇ ತೆಗೆಯಲಿಲ್ಲ. ನಾನು ತೋರಿಸಿದ ಜಾಗದಲ್ಲಿ ರುಜು ಹಾಕಿ, ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಹೋದರು.

ಹುಟ್ಟು ಆಗಲೂ ಗೂಟದಲ್ಲೇ ಇತ್ತು. ಪೊಲೀಸರು ಬರುವ ಮುಂಚೆ ಅದನ್ನು ತೆಗೆದುಕೊಂಡು ಹೋಗಿ ನೀರಿಗೆ ಬಿಟ್ಟವನು ನಾನು. ಮ್ಯಾನೇಜರು ಹೇಳಿದರು ಎಂದು ಬಹಳ ಕಾಲ ನೆನಪಿಟ್ಟುಕೊಂಡಿದ್ದೆ. ಈಗ ಆ ಮಾತನ್ನು ಅವರ ಬಾಯಲ್ಲಿ ಕೇಳಲು ಎಷ್ಟು ಪ್ರಯತ್ನಪಟ್ಟರೂ ಕೇಳಿಸುವುದಿಲ್ಲ. ಯಾರೂ ಹೇಳಿರಲಿಲ್ಲವೋ ಏನೋ. ಬರೆದದ್ದಕ್ಕೆ ತಕ್ಕಂತೆ ಗೋಡೆಯನ್ನು ಸರಿಮಾಡಿದೆನೋ ಏನೋ. ಹುಟ್ಟು ಮುಳುಗಲಿಲ್ಲ, ಜೆಟ್ಟಿಯ ಕಾಲಿಗೆ ತಾಗಿ ತಾಗಿ ನಿಂತಿತ್ತು. ಕೋಲಿನಿಂದ ದೂರ ತಳ್ಳಬೇಕಾಯಿತು. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಎರಡು ತಿಂಗಳಿಗೆ ಅವರು ಕೆಲಸ ಬಿಟ್ಟರು. ಹೋಗುವ ದಿನ ಗೋಡೆಯ ಗೂಟಗಳನ್ನು ಒಂದೊಂದಾಗಿ ಕಿತ್ತು, ತೂತುಗಳಿಗೆ ಸುಣ್ಣ ಮೆತ್ತಿದರು. ನನಗೆ ಹೋಗಿಬರುತ್ತೇನೆ ಎಂದರು. ಅಷ್ಟೇ. ಒಂದು ವರ್ಷದ ಮೇಲೆ ನಾನೂ ಬಿಟ್ಟೆ. ಈಗ ಕೆ.ಆರ್. ನಗರದಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿದ್ದೇನೆ, ಅಲ್ಲೂ ಬರೆಯುವುದೇ ಕೆಲಸ.

ನಡುವೆ ಒಮ್ಮೆ ಸಿಕ್ಕಿದ್ದರು. ಮಡಿಕೇರಿಗೆ ಹೋಗುವಾಗ ಬಸ್ಸು ಕೊಪ್ಪದಲ್ಲಿ ನಿಂತಿತ್ತು. ಎದುರಿನ ಮದುವೆ ಛತ್ರದ ಗೇಟಿನಲ್ಲಿ ಅದೇ ನೀಲಿ ಅಂಗಿ. ಗೇಟಿನ ಒಳಗೆ ನಿಲ್ಲದೆ ಹೊರಗೆ ರಸ್ತೆಯಲ್ಲಿ ನಿಂತಿದ್ದರು. ಎರಡೂ ಬಾಗಿಲು ಹಾರುಹೊಡೆದಿತ್ತು. ಕರೆದವರು, ಕರೆಯದವರು, ಊಟಕ್ಕೆಂದೇ ಬಂದವರು ಎಲ್ಲ ಒಳಗೆ ಹೋಗುತ್ತಿದ್ದರು, ಅವರು ಯಾರನ್ನೂ ನೋಡುತ್ತಿರಲಿಲ್ಲ. ನಾನು ಇಳಿದು ಹೋಗಿ ಎದುರಿಗೆ ನಿಂತೆ. ಕೂದಲು ಪೂರಾ ಬೆಳ್ಳಗಾಗಿತ್ತು. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು, ಅಥವಾ ಹಾಗೆ ಮಾಡಿದರು.

"ಇನ್ನೂ ಬರೀತಾ ಇದ್ದೀರಾ, ರೈಟ್ರೇ?"

ಹೌದೆಂದೆ. ತಲೆಯಾಡಿಸಿದರು. ಬಸ್ಸು ಹಾರ್ನ್ ಮಾಡಿತು.

ಅವರು ಹೋದ ಸುದ್ದಿ ಈ ವರ್ಷ ಬಂತು. ಉಬ್ಬಸ. ಮೈಸೂರಿನ ಆಸ್ಪತ್ರೆಯಿಂದ ತಾವೇ ಹಟ ಮಾಡಿ ಮನೆಗೆ ಬಂದಿದ್ದರಂತೆ. ಹೋಗುವವನನ್ನು ತಡೆಯುವ ಹಾಗಿಲ್ಲ ಎಂಬ ಅವರ ಮಾತು ಆಗ ನನಗೆ ನೆನಪಾಯಿತು, ಇದನ್ನು ಇಲ್ಲಿಗೆ ಜೋಡಿಸಿದರೆ ಎಷ್ಟು ಚೆನ್ನಾಗಿ ಕೂರುತ್ತದೆ ಎಂದೂ ಅನ್ನಿಸಿತು. ಬಂದರಿನ ಕೂಲಿಯನ್ನೂ ಚಿಕ್ಕಮಾದನನ್ನೂ ಜೋಡಿಸಿದರೂ ಹಾಗೇ ಕೂರುತ್ತದೆ. ಒಂದು ಸಲ ಹಿಡಿದಿಟ್ಟು ಒಬ್ಬನನ್ನು ಕಳೆದುಕೊಂಡವರು ಇನ್ನೊಂದು ಸಲ ಹಿಡಿದಿಟ್ಟು ಒಬ್ಬನನ್ನು ಉಳಿಸಲು ಹೋದರು. ಇಷ್ಟು ನುಣ್ಣಗೆ ಕೂರುವುದನ್ನು ನಾನು ನಂಬುವುದಿಲ್ಲ. ಹೇಳಿಕೆಯನ್ನೂ ಹಾಗೇ ನುಣ್ಣಗೆ ಬರೆದಿದ್ದೆ.

ಹನ್ನೊಂದನೆಯ ದಿನದ ತಿಥಿಗೆ ಹೋದೆ. ಊಟವಾದ ಮೇಲೆ ಅವರ ಹೆಂಡತಿ ನನ್ನನ್ನು ಒಳಗೆ ಕರೆದು, ಒಂದು ಬಿಸ್ಕತ್ತಿನ ಡಬ್ಬಿ ತಂದು ಎದುರಿಗಿಟ್ಟರು. ರೈಟ್ರಿಗೆ ಕೊಡು ಎಂದು ಹೇಳಿದ್ದರಂತೆ. ತೆಗೆದರೆ ಬಿಲ್ಲೆಗಳು. ಆಯಮ್ಮ ಎದುರಿಗೆ ನೆಲದ ಮೇಲೆ ಕೂತರು.

"ಆವತ್ತೇನಾಯ್ತು ಅಂತ ನನ್ಗೆ ಒಂದ್ ದಿನಾನೂ ಏಳ್ನಿಲ್ಲ ಕಣಪ್ಪ," ಅಂದರು. "ಕೇಳುದ್ರೆ, ರೈಟ್ರು ಬರ್ದವ್ರೆ, ಅದೇಯ ಅನ್ನೋರು. ಆವತ್ತಿಂದ ನೆಟ್ಟಗೆ ಉಣ್ನಿಲ್ಲ, ನಿದ್ದೆ ಮಾಡ್ನಿಲ್ಲ. ನೀವೇನಪ್ಪ ಬರ್ದ್ರಿ?"

ಹುಟ್ಟು ವಾಪಸು ಕೊಟ್ಟರು ಎಂದು ಬರೆದೆ ಎಂದೆ.

"ಕೊಟ್ರಾ?"

ಆ ಕಾಗದದ ಮೇಲಿದ್ದ ಮಾತನ್ನೇ ಇನ್ನೊಮ್ಮೆ ಹೇಳಿ ಎದ್ದುಬಿಡಬಹುದಿತ್ತು. ಆದರೆ ಆಯಮ್ಮನ ಕಣ್ಣು ಡಬ್ಬಿಯ ಮೇಲಿರಲಿಲ್ಲ, ನನ್ನ ಮೇಲಿತ್ತು.

"ಇಲ್ಲ ಅಮ್ಮ, ಕೊಡ್ಲಿಲ್ಲ," ಅಂದೆ.

ಆಯಮ್ಮ ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. ಹೊರಗೆ ಎಲೆ ಎತ್ತುವ ಸದ್ದು, ಯಾರೋ ನೀರು ಕೇಳುವ ಸದ್ದು.

"ಗಾಳಿ ನೋಡಿ, ಓಗ್ಬ್ಯಾಡ ಅಂತ ಇಟ್ಕಂಡಿರ್ತಾರೆ," ಅಂದರು. "ಅವ್ನು ಉಳೀಲಿ ಅಂತ. ಅಲ್ವೇನಪ್ಪ?"

ನಾನು ಬಿಲ್ಲೆಗಳನ್ನು ಒಂದೊಂದಾಗಿ ನೆಲದ ಮೇಲೆ ಜೋಡಿಸಿದೆ. ಅದಕ್ಕೆ ಉತ್ತರ ಆ ಡಬ್ಬಿಯಲ್ಲೇ ಇರಬೇಕು ಅನ್ನಿಸಿತ್ತು. ಏಳನೆಯದು ಇಲ್ಲದಿದ್ದರೆ ಚಿಕ್ಕಮಾದ ಅವತ್ತು ಬಿಲ್ಲೆ ಕಳೆದಿದ್ದ, ಬಿಲ್ಲೆ ಇಲ್ಲದೆ ಹುಟ್ಟಿಲ್ಲ ಎಂದು ಇವರು ತಮ್ಮ ಪದ್ಧತಿಗೆ ಜೋತುಬಿದ್ದರು, ಅಷ್ಟು ಸಣ್ಣ ಕಾರಣ. ಇದ್ದರೆ ಅವನು ಬಿಲ್ಲೆ ಕೊಟ್ಟಿದ್ದ, ಕೊಟ್ಟರೂ ಇವರು ಹುಟ್ಟು ಕೊಡಲಿಲ್ಲ. ತಮಗಿಲ್ಲದ ಅಧಿಕಾರವನ್ನು, ಇಲ್ಲವೆಂದು ಗೊತ್ತಿದ್ದೂ, ಒಬ್ಬನ ಪ್ರಾಣಕ್ಕಾಗಿ ತೆಗೆದುಕೊಂಡರು. ಅವನು ಹಲಗೆ ಹಿಡಿದು ಹೊರಡುತ್ತಾನೆಂದು ಅವರಿಗೆ ತೋಚಲಿಲ್ಲ.

ಹನ್ನೆರಡೂ ಇದ್ದವು. ಏಳನೆಯದು ಮಿಕ್ಕವಕ್ಕಿಂತ ಕಪ್ಪಾಗಿತ್ತು.

ಹೌದು ಎಂದು ಹೇಳಲು ಬಾಯಿ ತೆರೆದೆ. ಆಗ ಆ ದೋಣಿ ನೆನಪಾಯಿತು, ಹೆಣ ತರಲು ಹೋದದ್ದು. ಆ ಮೈಗೆ ಟವೆಲ್ಲು ಸುತ್ತಿದವರು ಅವರು. ಸೊಂಟದ ಚೀಲದ ಹತ್ತಿರ ಮೊದಲು ಹೋದ ಕೈ ಅವರದು. ಚಿಕ್ಕಮಾದ ಹುಡುಕಿದಾಗ ಸಿಗದ ಬಿಲ್ಲೆ ಆ ಚೀಲದ ಮಡಿಕೆಯಲ್ಲೇ ಇದ್ದಿರಬಹುದು, ಮೂರು ದಿನ ನೀರಿನಲ್ಲಿದ್ದು ಕಪ್ಪಾಗಿರಬಹುದು. ಎಲೆಅಡಿಕೆ ಸುಣ್ಣಕ್ಕೆ ದಿನವೂ ತಾಗಿ ಕಪ್ಪಾಗಿದ್ದರೂ ಆಗಿರಬಹುದು.

ಆಯಮ್ಮ ಕಾಯುತ್ತಿದ್ದರು. ನನಗೆ ಗೊತ್ತಿಲ್ಲ ಎಂದು ಹೇಳಿದೆ. ಅವರು ಬಿಲ್ಲೆಗಳನ್ನು ಬಳಿದು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ನನ್ನ ಕೈಗೆ ಕೊಟ್ಟರು.

ಡಬ್ಬಿ ಈಗ ನನ್ನ ಮೇಜಿನ ಮೇಲಿದೆ. ಆ ಮಧ್ಯಾಹ್ನ ತಗಡಿನ ಸದ್ದಿನ ನಡುವೆ ಅವರು ಚಿಕ್ಕಮಾದನಿಗೆ ಹೇಳಿದ ಆ ಉದ್ದದ ಮಾತು ಏನೆಂದು ನನಗೆ ಗೊತ್ತಿಲ್ಲ. ಏಳನೇ ಬಿಲ್ಲೆ ಅವರ ಕೈಗೆ ಮೂರು ಗಂಟೆಗೆ ಬಂತೋ, ಮೂರನೆಯ ದಿನ ಬಂತೋ, ಅದೂ ಗೊತ್ತಿಲ್ಲ.